ಸ್ಟ್ರೀಕ್‌ಗೂ ಮಳೆ ರಜೆ ಬೇಕು

ಮಾನ್ಯ ಸಂಪಾದಕರೇ,

ಮೊನ್ನೆಯ ಗಾಳಿಮಳೆಗೆ ನಮ್ಮ ಮಾದಾಪುರ ಕಡೆ ಮೂರು ದಿನ ಕರೆಂಟ್ ಇರಲಿಲ್ಲ. ನೆಟ್‌ವರ್ಕೂ ಹೋಗಿತ್ತು. ಎರಡನೇ ದಿನ ಸಂಜೆ ಮಗಳು ಕೊಡೆ ಹಿಡಿದು ತೋಟದ ಮೇಲಿನ ಗುಡ್ಡ ಹತ್ತಿದಳು. ವಾಪಸ್ ಬಂದಾಗ ಕಾಲಲ್ಲಿ ನಾಲ್ಕು ಜಿಗಣೆ. ಏನಮ್ಮಾ ಅಂಥ ತುರ್ತು ಎಂದರೆ, "ಸ್ಟ್ರೀಕ್ ಹೋಗ್ತಿತ್ತಪ್ಪಾ" ಎಂದಳು. ಫೋನಿನ ಒಂದು ಆ್ಯಪ್‌ನಲ್ಲಿ ಗೆಳತಿಗೆ ದಿನಾ ಒಂದು ಫೋಟೊ ಕಳಿಸಬೇಕಂತೆ. ಹಾಗೆ ತಪ್ಪದೆ ಕಳಿಸಿದ ದಿನಗಳ ಲೆಕ್ಕವೇ ಸ್ಟ್ರೀಕ್. ತಪ್ಪಿದರೆ ಇನ್ನೂರು ದಿನದ ಲೆಕ್ಕ ಸೊನ್ನೆ. ಅವಳು ಕಳಿಸಿದ್ದು ಬರೀ ಮಂಜಿನ ಫೋಟೊ!

ಬೈಯಲು ಬಾಯಿ ಬರಲಿಲ್ಲ. ಫೋಟೊ ಹಾಕಿ ಹತ್ತು ನಿಮಿಷಕ್ಕೊಮ್ಮೆ ಲೈಕ್ ನೋಡುವವನು ನಾನೇ ಅಲ್ವಾ? ಫೇಸ್‌ಬುಕ್‌ಗೆ ಆ ಬಟನ್ ಬಂದಿದ್ದು 2009ರಲ್ಲಿ. ಅದಕ್ಕೂ ಎಷ್ಟೋ ಮೊದಲು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ಇದನ್ನೇ ಕಂಡಿದ್ದರು. ಯಾವ ಕುಕ್ಕಿಗೆ ಕಾಳು ಬೀಳುತ್ತದೆಂದು ಗೊತ್ತಿಲ್ಲದಿದ್ದರೆ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ಲೈಕ್ ಎಂದರೆ ಕಾಳಿನ ಆಸೆ, ಸ್ಟ್ರೀಕ್ ಎಂದರೆ ಕಳೆದುಕೊಳ್ಳುವ ಭಯ. ಎರಡನೆಯದೇ ಜಾಸ್ತಿ ಕೆಟ್ಟದ್ದು ಅನಿಸುತ್ತದೆ.

ಮಳೆ ಜೋರಾದರೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಆ್ಯಪ್‌ನವರೂ ಸ್ಟ್ರೀಕ್‌ಗೆ ರಜೆ ಕೊಡಲಿ. ಇಲ್ಲವೇ ಆ ಲೆಕ್ಕವನ್ನೇ ಆಫ್ ಮಾಡುವ ಬಟನ್ ಇಡಲಿ.

– ಒಬ್ಬ ಕಾಫಿ ಬೆಳೆಗಾರ, ಮಾದಾಪುರ, ಕೊಡಗು