ನಿದ್ದೆಗೂ ಕರೆಂಟ್ ಬೇಕೇ?

ಮಾನ್ಯರೇ,

ತಲೆಗೆ ಪಟ್ಟಿ ಕಟ್ಟಿಕೊಂಡು ಸಣ್ಣಗೆ ಕರೆಂಟ್ ಹಾಯಿಸಿದರೆ ಗಾಢ ನಿದ್ದೆ ಬರುತ್ತದೆ ಎಂಬ ಜಾಹೀರಾತು ನಂಬಿ ನನ್ನ ಅಣ್ಣನ ಮಗ ಆನ್‌ಲೈನ್‌ನಲ್ಲಿ ಯಂತ್ರವೊಂದನ್ನು ತರಿಸಿದ. ಅವನಿಗೆ ಕಾಯಿಲೆ ಕಸಾಲೆ ಏನೂ ಇಲ್ಲ. ಉಪ್ಪುನೀರಲ್ಲಿ ಅದ್ದಿದ ಸ್ಪಂಜನ್ನು ಹಣೆಗಿಟ್ಟು ಮಲಗಿದ. ರಾತ್ರಿ ಸ್ಪಂಜು ಒಣಗಿರಬೇಕು, ಬೆಳಿಗ್ಗೆ ಹುಬ್ಬಿನ ಮೇಲೆ ಕಾಫಿ ಹಣ್ಣಿನಷ್ಟು ಗಾತ್ರದ ಕೆಂಪು ಗುರುತು. ನಿದ್ದೆ ಬಂತಾ ಎಂದರೆ, ‘ಇಲ್ಲ ಚಿಕ್ಕಪ್ಪ, ಉರಿ ಬಂತು’ ಎಂದ.

ಕುತೂಹಲಕ್ಕೆ ಓದಿ ನೋಡಿದೆ. ಸಂಗತಿ ಪೂರ್ತಿ ಬೊಗಳೆಯೇನಲ್ಲ. 2006ರಲ್ಲಿ ಜರ್ಮನಿಯ ಸಂಶೋಧಕರು 13 ಮಂದಿ ಆರೋಗ್ಯವಂತ ಯುವಜನರಿಗೆ ರಾತ್ರಿಯ ಮೊದಲ ನಿದ್ದೆಯಲ್ಲಿ 0.75 ಹರ್ಟ್ಜ್ (ಸೆಕೆಂಡಿಗೆ ಮುಕ್ಕಾಲು ಸಲ ಏರಿಳಿಯುವ) ಲಯದಲ್ಲಿ ಮಂದ ವಿದ್ಯುತ್ ಕೊಟ್ಟಾಗ ಗಾಢ ನಿದ್ದೆಯಲ್ಲಿ ಕಾಣುವ ಮಿದುಳಿನ ನಿಧಾನ ಅಲೆಗಳು ಬಲಗೊಂಡವು, ಮಲಗುವ ಮುನ್ನ ಕಲಿತ ಜೋಡಿಪದಗಳು ಬೆಳಿಗ್ಗೆ ಹೆಚ್ಚು ನೆನಪಿದ್ದವು. ಆಮೇಲೆ ಬೇರೆಯವರು ಮಾಡಿ ನೋಡಿದಾಗ ಪ್ರತಿ ಸಲ ಹಾಗಾಗಲಿಲ್ಲ. 2016ರಲ್ಲಿ ಅದೇ ದೇಶದ ಫ್ರೈಬರ್ಗ್ ತಂಡದವರು ಮಲಗುವ ಮುನ್ನ ಹಣೆಯ ಎರಡೂ ಬದಿಗೆ ಪ್ಲಸ್ ತಂತಿ ಹಚ್ಚಿದಾಗ ನಿದ್ದೆಯ ಅವಧಿ ಕಡಿಮೆಯಾಯಿತು! ಮೈನಸ್ ಹಚ್ಚಿದಾಗ ಹೆಚ್ಚಲೂ ಇಲ್ಲ. ಇಂಥ ಪ್ರಯೋಗಗಳಲ್ಲಿ ಕೊಡುವುದೇ ಹೆಚ್ಚೆಂದರೆ ಒಂದೆರಡು ಮಿಲಿಆಂಪಿಯರ್. ಅದರಲ್ಲೂ ಹೆಚ್ಚಿನ ಪಾಲು ಚರ್ಮ, ತಲೆಬುರುಡೆಯಲ್ಲೇ ಸೋರಿಹೋಗುತ್ತದೆ. ಮನೆಯಲ್ಲಿ ತಾವೇ ಹಚ್ಚಿಕೊಳ್ಳುವವರನ್ನು ಎಚ್ಚರಿಸಿ ಈ ಕ್ಷೇತ್ರದ ವಿಜ್ಞಾನಿಗಳೇ 2016ರಲ್ಲಿ ಬಹಿರಂಗ ಪತ್ರ ಬರೆದಿದ್ದಾರೆ. ಜಾಹೀರಾತಿನಲ್ಲಿ ಇದರ ಸುದ್ದಿಯೇ ಇಲ್ಲ.

ನಮ್ಮ ಕಡೆ ನಿದ್ದೆ ಕೆಡಲು ಮಿದುಳಿನ ದೋಷ ಬೇಕಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತ್ರೀ ಫೇಸ್ ಬರುವುದೇ ನಡುರಾತ್ರಿ. ಎದ್ದು ಟಾರ್ಚ್ ಹಿಡಿದು ಸ್ಪ್ರಿಂಕ್ಲರ್ ಪೈಪು ಬದಲಿಸಬೇಕು. ಬಂದು ಕಣ್ಣು ಮುಚ್ಚುವಷ್ಟರಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಲೈನ್ ಮನೆ (ತೋಟದ ಕಾರ್ಮಿಕರ ಮನೆ ಸಾಲು) ಹಿಂದೆ ಮೂರು ಆನೆ’. ಆಮೇಲೆ ಆನೆ ಓಡಿಸಲು ಪಟಾಕಿ. ನಮ್ಮ ಹುಡುಗ ಇದಿಷ್ಟೂ ಮುಗಿದ ಮೇಲೆ ಎರಡು ಗಂಟೆಯವರೆಗೆ ಮೊಬೈಲ್ ಒತ್ತುತ್ತಾನೆ, ಮಧ್ಯೆ ಒಂದು ಲೋಟ ಕಾಫಿ ಬೇರೆ. ಕಾಫಿ ಬೆಳೆಗಾರನಾಗಿ ಅದನ್ನು ಬೈಯಲು ನನಗೆ ಮನಸ್ಸಿಲ್ಲ.

ಪ್ರಯೋಗಾಲಯದಲ್ಲಿ ಮಿದುಳಿನ ಅಲೆ ಅಳೆಯುತ್ತಾ ತಜ್ಞರು ಮಾಡುವ ಕೆಲಸ ಮುಂದುವರಿಯಲಿ. ಆದರೆ ಇಂಥ ಯಂತ್ರದ ಜಾಹೀರಾತು ಅಚ್ಚು ಹಾಕುವ ಮುನ್ನ ಪತ್ರಿಕೆಗಳು ಮಾರುವವರನ್ನು ಕೇಳಲಿ: ಇದೇ ಯಂತ್ರವನ್ನು ಎಷ್ಟು ಜನರ ಮೇಲೆ, ಎಷ್ಟು ರಾತ್ರಿ ಪರೀಕ್ಷಿಸಿದ್ದೀರಿ? ಉತ್ತರವನ್ನೂ ಜಾಹೀರಾತಿನಷ್ಟೇ ದಪ್ಪ ಅಕ್ಷರದಲ್ಲಿ ಹಾಕಲಿ.

– ಕಾಫಿ ಬೆಳೆಗಾರ, ಸಿದ್ದಾಪುರ, ಕೊಡಗು