ಕ್ಲಿಪ್ ಕೇಳಿದ ಕೂಡಲೇ ಕೊಡದ ಅಕ್ಕನಿಗೆ ಶರಣು

ಕಲಬುರಗಿಯ ನಮ್ಮ ಥಿಯೇಟರಿನಲ್ಲಿ ಪಿತ್ತಕೋಶದ ದುರ್ಬೀನ್ ಆಪರೇಷನ್ ಶುರುವಾಗಿ ವರ್ಷ ತುಂಬಿತು. ಅರಿವಳಿಕೆ ಡಾಕ್ಟರು, ಕ್ಯಾಮೆರಾ ಹಿಡಿದ ಹುಡುಗರು, ಬಿಸಿಲಲ್ಲಿ ಕರೆಂಟ್ ಹೋದಾಗ ಜನರೇಟರಿನತ್ತ ಓಡಿದ ಅಣ್ಣ, ಎಲ್ಲರಿಗೂ ಶರಣು. ಉಳಿದ ಮಾತೆಲ್ಲ ಥಿಯೇಟರ್ ಸಿಸ್ಟರ್ ಅಕ್ಕನಿಗೆ.

ನಾಳ ಮುಚ್ಚುವ ಪುಟ್ಟ ಲೋಹದ ಕ್ಲಿಪ್ ಕೇಳಿದರೆ ಅಕ್ಕ ಮೊದಲು ಪರದೆ ನೋಡುತ್ತಾರೆ. ಪಿತ್ತದ ನಾಳಗಳು, ಯಕೃತ್ತಿನ ನಡುವಿನ ತ್ರಿಕೋನದ ಕೊಬ್ಬು, ನಾರು ಪೂರ್ತಿ ಬಿಡಿಸಿರಬೇಕು. ಪಿತ್ತಕೋಶದ ಕೆಳಗಿನ ಮೂರನೇ ಒಂದು ಭಾಗ ಯಕೃತ್ತಿನಿಂದ ಎದ್ದಿರಬೇಕು. ಪಿತ್ತಕೋಶದೊಳಗೆ ಹೋಗುವವು ಒಂದು ನಾಳ, ಒಂದು ರಕ್ತನಾಳ, ಎರಡೇ ಎರಡು. 1995ರಲ್ಲಿ ಸರ್ಜನ್ ಸ್ಟ್ರಾಸ್‌ಬರ್ಗ್ ಮತ್ತು ಜೊತೆಗಾರರು ಬರೆದದ್ದೂ ಇದನ್ನೇ. ಅಕ್ಕ ಕೇಳುವುದು ಇಷ್ಟೇ: "ಎರಡ ಅವ ಏನ್ರೀ ಸರ?"

ಸರಿಯಾದ ನಾಳ ಸಿಕ್ಕರೂ ಪಿತ್ತರಸ ಸೋರಬಹುದು. ನಾಳದೊಳಗೆ ಹರಳಿದ್ದರೆ ಪಿತ್ತಕೋಶದ ಕಡೆ ಹಿಂಡಿ ತಳ್ಳಿದ ಮೇಲೇ ಕ್ಲಿಪ್. ಒಳಗುಳಿಯುವ ಕಡೆ ಎರಡು, ಹೊರಬರುವ ಕಡೆ ಒಂದು. ಕ್ಲಿಪ್ಪಿನ ತುದಿ ನಾಳದಾಚೆ ಕಾಣಲೇಬೇಕು. ಊದಿದ ದಪ್ಪ ನಾಳವನ್ನು ಕ್ಲಿಪ್ ಪೂರ್ತಿ ಹಿಡಿಯುವುದಿಲ್ಲ, ಕುಣಿಕೆ ದಾರ ಬಿಗಿಯಬೇಕು. ಕತ್ತರಿಸಲು ಕತ್ತರಿಯೇ ಸೈ. ಕರೆಂಟಿನಿಂದ ಸುಟ್ಟು ಕತ್ತರಿಸುವ ಕಾಟರಿ ಕ್ಲಿಪ್ಪಿಗೆ ತಾಗಿದರೆ ಲೋಹ ಕಾದು ನಾಳದ ತುಂಡು ಬೇಯುತ್ತದೆ, ಕೆಲವು ದಿನ ಬಿಟ್ಟು ಬಾಯಿ ಬಿಡುತ್ತದೆ. ಇಷ್ಟೆಲ್ಲ ಮುಗಿದ ಮೇಲೆ ಅಕ್ಕ ಬಿಳಿ ಗಾಜ್ ಕೊಡುತ್ತಾರೆ. ಪಿತ್ತಕೋಶ ಬಿಡಿಸಿದ ಜಾಗಕ್ಕೆ ಒತ್ತಿ ತೆಗೆದರೆ, ಅಲ್ಲಿನ ಸಣ್ಣ ಪಿತ್ತನಾಳ (ಲುಷ್ಕಾ ನಾಳ) ಹರಿದಿದ್ದಲ್ಲಿ ಅರಿಶಿನ ಬಣ್ಣದ ಕಲೆ ಬೀಳುತ್ತದೆ. ಆ ಗಾಜನ್ನು ನೋಡದೆ ಅವರು ಬಕೆಟ್ಟಿಗೆ ಹಾಕಿದ್ದಿಲ್ಲ.

ಆಪರೇಷನ್ ಆದ ರೋಗಿಯೊಬ್ಬರಿಗೆ ಪಿತ್ತರಸ ಸೋರಿದ ಆ ಒಂದು ರಾತ್ರಿಯ ಸಂಗತಿ ನಿಮಗೆಲ್ಲ ಗೊತ್ತು, ಮತ್ತೆ ಬರೆಯುವುದಿಲ್ಲ. ಡ್ಯೂಟಿ ಮುಗಿದರೂ ಅಕ್ಕ ಮನೆಗೆ ಹೋಗಲಿಲ್ಲ. ಹೊಟ್ಟೆಯೊಳಗಿನ ನೀರು ಕೊಳವೆಯಿಂದ ಬಂದು ಬೀಳುವ ಡ್ರೇನ್ ಬಾಟಲಿಗೆ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಗಂಟೆಗೊಂದು ಗೆರೆ ಎಳೆಯುತ್ತ ಕೂತರು. ಕೆಂಪು ನೀರು ಹಸಿರು ಹಳದಿಗೆ ತಿರುಗಿದ್ದನ್ನು ಮೊದಲು ಕಂಡವರೂ ಅವರೇ. "ನಾಡಿ ಏರಲಾಕತ್ತದ, ಹೊಟ್ಟಿ ಉಬ್ಯಾದ, ಬರ್ರಿ." ಬಾಟಲಿ ನೋಡಿ ನಮಗೆ ಮಾತು ಹೊರಡಲಿಲ್ಲ. ರೋಗಿಯ ತಾಯಿಯ ಮುಖ ನೋಡುವ ಧೈರ್ಯ ಒಬ್ಬರಿಗೂ ಇರಲಿಲ್ಲ. ಅವರ ಪಕ್ಕ ನೆಲದ ಮೇಲೆ ಕೂತದ್ದು ಅಕ್ಕ ಒಬ್ಬರೇ.

ಬಾಯಿಂದ ದುರ್ಬೀನ್ ಇಳಿಸಿ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿಸಿದೆವು. ರಸ ಕರುಳಿನತ್ತ ಸಲೀಸಾಗಿ ಹರಿಯತೊಡಗಿ, ಸೋರಿಕೆ ನಿಂತಿತು. ಈಗ ಟ್ರಾಲಿಯ ಮೇಲೆ ಕುಣಿಕೆ ದಾರದ ಎರಡು ಪ್ಯಾಕೆಟ್ ಸದಾ ಇರುತ್ತವೆ. ಬೆಳಿಗ್ಗೆ ಎಣಿಸಿಡುವವರು ಯಾರೆಂದು ಹೇಳಬೇಕಿಲ್ಲ.