ಸೀಲ್ ಒಡೆದಿಲ್ಲ ಎಂದು ಮಾರಿದ ರಾಕೆಟ್ ಸೆಟ್‌ನಲ್ಲಿ ನಕಲಿ ತುಂಡುಗಳು: ಹಣ ವಾಪಸ್ ಕೋರಿ ದೂರು

ಗೆ,
ಗ್ರಾಹಕರ ದೂರು ಪರಿಹಾರ ಅಧಿಕಾರಿಗಳು,
ಆನ್‌ಲೈನ್ ಮಾರಾಟ ವಿಭಾಗ

ಇಂದ,
ನಿಮ್ಮ ಗ್ರಾಹಕ, ಮೈಸೂರು
(ಆರ್ಡರ್ ನಂಬರ್ ಮತ್ತು ಫೋನ್ ನಂಬರ್ ನಿಮ್ಮ ದಾಖಲೆಯಲ್ಲೇ ಇವೆ)

ವಿಷಯ: ಲೆಗೊ ಸ್ಯಾಟರ್ನ್ 5 ರಾಕೆಟ್ ಸೆಟ್‌ನಲ್ಲಿ ತುಂಡುಗಳ ಕೊರತೆ, ನಕಲಿ ತುಂಡುಗಳ ಬೆರಕೆ ಮತ್ತು ವಾಪಸ್ ಪಡೆಯಲು ನಿರಾಕರಣೆ

ಮಾನ್ಯರೇ,

‘ಹೊಸದು, ಸೀಲ್ ಒಡೆದಿಲ್ಲ, ನೂರಕ್ಕೆ ನೂರು ಒರಿಜಿನಲ್’ ಅಂತ ನಿಮ್ಮ ಆ್ಯಪ್‌ನಲ್ಲಿ ಹಾಕಿದ್ದ ಸ್ಯಾಟರ್ನ್ 5 ಸೆಟ್ ತರಿಸಿಕೊಂಡೆ. ಡೆನ್ಮಾರ್ಕಿನ ಲೆಗೊ ಕಂಪನಿಯ ಪುಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದಕ್ಕೊಂದು ಒತ್ತಿ ಕೂರಿಸಿ ರಾಕೆಟ್ ಮಾದರಿ ಕಟ್ಟುವ ಸೆಟ್ ಇದು. ಬಂದ ಪೆಟ್ಟಿಗೆಯಲ್ಲಿ ಕೆಲವು ತುಂಡುಗಳೇ ಇಲ್ಲ. ಇರುವುದರಲ್ಲಿ ಹಲವು ನಕಲಿ. ವಾಪಸ್ ತಗೊಳ್ಳಿ ಅಂದರೆ, ‘ರಿಟರ್ನ್ ಅವಧಿ ಮುಗಿದಿದೆ, ಮೇಲಾಗಿ ನೀವು ಪೆಟ್ಟಿಗೆ ಒಡೆದಿದ್ದೀರಿ’ ಎಂಬ ಉತ್ತರ. ಪೆಟ್ಟಿಗೆ ಒಡೆಯದೆ ರಾಕೆಟ್ ಕಟ್ಟುವುದು ಹೇಗೆ ಅಂತ ನಿಮ್ಮವರೇ ಹೇಳಿಕೊಡಬೇಕು.

ಚಾಟ್‌ನಲ್ಲಿ ಮಾತಾಡಿದ ನಿಮ್ಮ ಸಿಬ್ಬಂದಿ ಇದನ್ನು ‘ಮಕ್ಕಳ ಆಟಿಕೆ’ ಅಂತಲೇ ದಾಖಲು ಮಾಡಿಕೊಂಡಿದ್ದಾರೆ. ಆದ್ದರಿಂದ ಇದು ಏನು ಅಂತ ಮೊದಲು ಹೇಳಿಬಿಡುತ್ತೇನೆ.

ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದ ಅಪೊಲೊ ಯಾತ್ರೆಗಳ ರಾಕೆಟ್ ಸ್ಯಾಟರ್ನ್ 5. ಅದರ ಮಾದರಿ ಇದು. 2017ರಲ್ಲಿ ಬಂತು. ಒಟ್ಟು ತುಂಡುಗಳು 1969. ಅಪೊಲೊ 11 ಚಂದ್ರನ ಮೇಲೆ ಇಳಿದ ವರ್ಷ ಅದು. ನಿಜವಾದ ರಾಕೆಟ್‌ನ ಎತ್ತರ ಸುಮಾರು 110 ಮೀಟರ್, ಮಾದರಿಯದ್ದು ಸುಮಾರು ಒಂದು ಮೀಟರ್. ಇಡೀ ಸೆಟ್‌ನಲ್ಲಿ ಒಂದೂ ಸ್ಟಿಕರ್ ಇಲ್ಲ. ಅಕ್ಷರ, ಬಾವುಟ ಎಲ್ಲವೂ ತುಂಡಿನ ಮೇಲೆಯೇ ಪ್ರಿಂಟ್ ಆಗಿ ಬರುತ್ತವೆ. ಮೂರು ಹಂತಗಳು ನಿಜವಾದ ರಾಕೆಟ್‌ನ ಹಾಗೆ ಒಂದರಿಂದ ಒಂದು ಬಿಡಿಯಾಗುತ್ತವೆ. ಚಂದ್ರನ ಮೇಲೆ ಇಳಿಯುವ ನೌಕೆಯನ್ನೂ ಹೊರಗೆ ತೆಗೆಯಬಹುದು. ಇಂಥ ಸೆಟ್ಟುಗಳನ್ನು ಕೂಡಿಡುವವರು ಮಕ್ಕಳಿಗಿಂತ ನನ್ನಂಥ ನಡುವಯಸ್ಸಿನವರೇ ಜಾಸ್ತಿ. ನಮ್ಮ ಮನೆಯ ಕಪಾಟಿನಲ್ಲಿ ನಾಸಾದ ಡಿಸ್ಕವರಿ ಬಾಹ್ಯಾಕಾಶ ನೌಕೆಯ 2021ರ ಲೆಗೊ ಮಾದರಿ ಇದೆ. ಲೆಗೊದ್ದೇ ಕಲ್ಪನೆಯ ಬಾಹ್ಯಾಕಾಶ ನೌಕೆಯಾದ 1979ರ ಗ್ಯಾಲಕ್ಸಿ ಎಕ್ಸ್‌ಪ್ಲೋರರನ್ನು ನೆನಪಿಸಲು 2022ರಲ್ಲಿ ತಂದ ಹೊಸ ಗ್ಯಾಲಕ್ಸಿ ಎಕ್ಸ್‌ಪ್ಲೋರರೂ ಇದೆ. ಎರಡರ ನಡುವಿನ ಜಾಗ ಈ ರಾಕೆಟ್‌ಗೆ ಅಂತ ಬಿಟ್ಟಿದ್ದು.

ಈ ರಾಕೆಟ್ 21309 ಎಂಬ ನಂಬರಿನಲ್ಲಿ ಬಂತು. 2020ರಲ್ಲಿ 92176 ಎಂಬ ನಂಬರಿನಲ್ಲಿ ಮತ್ತೆ ಬಂತು. ಈಗ ತಯಾರಿಕೆ ನಿಂತಿದೆ. ತಯಾರಿಕೆ ನಿಂತ ಸೆಟ್‌ಗೆ, ಅದೂ ಸೀಲ್ ಒಡೆಯದ ಪೆಟ್ಟಿಗೆಗೆ, ಬೆಲೆ ಏರುತ್ತದೆ. ಮೋಸ ಮಾಡುವವರು ಕಣ್ಣಿಡುವುದೂ ಇಲ್ಲೇ. ಒಡೆದ ಪೆಟ್ಟಿಗೆಗೆ ಮತ್ತೆ ಟೇಪ್ ಹಚ್ಚುತ್ತಾರೆ. ಬೆಲೆಬಾಳುವ ತುಂಡುಗಳನ್ನು ತೆಗೆದು ಬಿಡಿಯಾಗಿ ಮಾರುತ್ತಾರೆ. ಖಾಲಿಯಾದ ಜಾಗಕ್ಕೆ ಅಗ್ಗದ ನಕಲು ತುಂಬುತ್ತಾರೆ. ಸಂಗ್ರಹಕಾರರಿಗೆಲ್ಲ ಗೊತ್ತಿರುವ ಹಳೇ ಆಟ ಇದು. ಗೊತ್ತಿದ್ದೇ ನಾನು ಎಲ್ಲೆಲ್ಲೋ ಕೊಳ್ಳದೆ ನಿಮ್ಮಲ್ಲಿ ಕೊಂಡೆ. ‘ಪರಿಶೀಲಿಸಿದ ಮಾರಾಟಗಾರ’ ಅಂತ ಹಸಿರು ಗುರುತು ಹಾಕಿದ್ದು ನೀವು. ಆ ಪರಿಶೀಲನೆ ಯಾರು ಮಾಡಿದರು, ಏನನ್ನು ನೋಡಿದರು ಅನ್ನುವುದು ನನ್ನ ಮೊದಲ ಪ್ರಶ್ನೆ.

ಬೆಲೆಯ ಬಗ್ಗೆ ನನ್ನ ತಕರಾರಿಲ್ಲ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಇಲ್ಲಿ ಇಂಥವು ದುಬಾರಿ ಅಂತ ತಿಳಿದೇ ಕೊಂಡದ್ದು. ನಮ್ಮ ಮನೆಯ ತಿಂಗಳ ಬಾಡಿಗೆಗಿಂತ ಜಾಸ್ತಿ ದುಡ್ಡು. ಅಷ್ಟು ಕೊಟ್ಟ ಮೇಲೆ ಅಸಲಿ ಮಾಲು ಕೇಳುವುದು ದುರಾಸೆಯಲ್ಲ, ಅಲ್ವಾ?

ಇನ್ನು ಬಂದ ಮಾಲಿನ ವಿಷಯ. ಪೆಟ್ಟಿಗೆಯ ಅಂಚಿನಲ್ಲಿ ಕಂಪನಿಯ ಸೀಲ್ ಇತ್ತು, ಅದರ ಮೇಲೆ ಅಗಲವಾದ ಪಾರದರ್ಶಕ ಟೇಪ್ ಇತ್ತು. ಸಾಗಣೆಗೆ ಭದ್ರವಾಗಿರಲಿ ಅಂತ ಹಚ್ಚಿದ್ದಾರೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಟೇಪ್ ಕತ್ತರಿಸಿದಾಗ ಒಳಗಿನ ಸೀಲ್ ಮೊದಲೇ ಸೀಳಿದ್ದು ಕಾಣಿಸಿತು. ಒಳಗಿನ ನಂಬರಿನ ಪೊಟ್ಟಣಗಳಲ್ಲಿ ಕೆಲವು ಕಾರ್ಖಾನೆಯ ಬಿಸಿ ಅಂಟಿನವು. ಉಳಿದವುಗಳ ಬಾಯಿಗೆ ಸ್ಟೇಪ್ಲರ್ ಪಿನ್ ಹೊಡೆದಿತ್ತು. ಅದೇ ದಿನ ಫೋಟೊ ತೆಗೆದು ನಿಮ್ಮ ಆ್ಯಪ್‌ಗೆ ಹಾಕಿದ್ದೇನೆ. ‘ಪ್ಯಾಕಿಂಗ್ ಬೇರೆ ಬೇರೆ ಥರ ಇರಬಹುದು, ಉತ್ಪನ್ನ ಬಳಸಿ ನೋಡಿ’ ಅಂತ ನಿಮ್ಮ ಚಾಟ್ ಉತ್ತರ ಬಂತು. ಈ ಉತ್ತರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀವು ಹೇಳಿದ ಹಾಗೆಯೇ ಬಳಸಿ ನೋಡಿದೆವು. ನಾನು, ಹೈಸ್ಕೂಲಿನಲ್ಲಿ ಓದುವ ಮಗಳು, ರಾತ್ರಿ ಊಟ ಆದಮೇಲೆ ಅಷ್ಟಷ್ಟು. ಈ ರಾಕೆಟ್‌ನ ಮೊದಲ ಹಂತ ಕಟ್ಟುವ ರೀತಿಯೇ ಬೇರೆ. ಗುಂಡನೆಯ ರಾಕೆಟ್‌ನ ಒಳಗೆ ಮೊದಲು ಚೌಕದ ಗಟ್ಟಿ ಕಂಬದಂಥ ತಿರುಳು ಕಟ್ಟಬೇಕು. ಅದರ ಇಟ್ಟಿಗೆಗಳಿಗೆ ಪಕ್ಕಕ್ಕೆ ಮುಖ ಮಾಡಿದ ಸ್ಟಡ್‌ಗಳಿರುತ್ತವೆ. ಸ್ಟಡ್ ಅಂದರೆ ಇಟ್ಟಿಗೆಯ ಮೇಲಿನ ಗುಂಡನೆಯ ಉಬ್ಬು. ಆ ಉಬ್ಬುಗಳಿಗೆ ಬಾಗಿದ ಬಿಳಿ, ಕಪ್ಪು ಹೊದಿಕೆಗಳನ್ನು ಸುತ್ತಲೂ ಒತ್ತಿ ಕೂರಿಸಬೇಕು. ತಿರುಳಿನ ತುಂಡುಗಳಿಗೆ ಬಣ್ಣಬಣ್ಣ ಇರುತ್ತದೆ. ಹೊರಗಿನಿಂದ ಒಂದೂ ಕಾಣುವುದಿಲ್ಲ.

ನಕಲಿ ಮಾಲನ್ನು ತುಂಬಿದ್ದು ಈ ಕಾಣದ ತಿರುಳಿಗೇ. ಮಾಡಿದವನಿಗೆ ಕೆಲಸ ಚೆನ್ನಾಗಿ ಗೊತ್ತಿದೆ.

ಅಸಲಿ ಇಟ್ಟಿಗೆಯ ಒಂದೊಂದು ಉಬ್ಬಿನ ಮೇಲೂ ಲೆಗೊ ಎಂಬ ಹೆಸರು ಚಿಕ್ಕದಾಗಿ ಮೂಡಿರುತ್ತದೆ. ಬೆರಳಿನ ತುದಿಗೇ ತಿಳಿಯುತ್ತದೆ. ಪಿನ್ ಹೊಡೆದ ಪೊಟ್ಟಣಗಳಲ್ಲಿದ್ದ ತುಂಡುಗಳ ಉಬ್ಬು ಬೋಳು. ಕೆಲವುಗಳ ಅಂಚಿನಲ್ಲಿ ಅಚ್ಚಿನಿಂದ ಕಿತ್ತಾಗ ಉಳಿದ ಪ್ಲಾಸ್ಟಿಕ್ ಚೂರು ಹಾಗೇ ಇದೆ, ಉಗುರಿಗೆ ಸಿಗುತ್ತದೆ. ಮಗಳು ಎರಡು ತಟ್ಟೆ ಇಟ್ಟುಕೊಂಡು ಹೆಸರಿರುವುದು ಒಂದರಲ್ಲಿ, ಇಲ್ಲದ್ದು ಇನ್ನೊಂದರಲ್ಲಿ ಹಾಕುತ್ತಾ ಹೋದಳು. ಎರಡನೇ ತಟ್ಟೆ ತುಂಬಿತು. ಬಿಳಿ ಹೊದಿಕೆಗಳದ್ದೂ ಇದೇ ಕಥೆ. ಕೆಲವು ಕೆನೆ ಬಿಳಿ, ಕೆಲವು ನೀಲಿ ಛಾಯೆಯ ಬಿಳಿ. ಬಲ್ಬಿನ ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಬೆಳಗ್ಗೆ ಕಿಟಕಿ ತೆಗೆದಾಗ ರಾಕೆಟ್‌ಗೆ ತೇಪೆ ಹಾಕಿದಂತೆ ಕಂಡಿತು.

ಬಣ್ಣ ಹೋಗಲಿ ಅಂದರೆ ಹಿಡಿತವೂ ಇಲ್ಲ. ಈ ಇಟ್ಟಿಗೆಗಳ ಜೀವ ಇರುವುದೇ ಹಿಡಿತದಲ್ಲಿ. ಡೆನ್ಮಾರ್ಕಿನ ಆ ಕಂಪನಿ ಈಗಿನ ಜೋಡಣೆಯ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿಯಲ್ಲಿ. ಅಂದಿನ ಇಟ್ಟಿಗೆ ಇವತ್ತಿನದಕ್ಕೆ ಕೂರುತ್ತದೆ. ಅಷ್ಟು ಕರಾರುವಾಕ್ಕಾದ ಅಳತೆ. ನನಗೆ ಬಂದ ನಕಲಿಗಳಲ್ಲಿ ಕೆಲವು ಒತ್ತಿದರೂ ಕೂರುವುದಿಲ್ಲ, ಕೆಲವು ಕೂತ ಮೇಲೂ ಅಲ್ಲಾಡುತ್ತವೆ. ಪರಿಣಾಮ ಏನಾಯಿತು ಅಂದರೆ, ಮೊದಲ ಹಂತದ ತಿರುಳು ಸಡಿಲ. ಅದರ ಮೇಲೆ ಎರಡನೆಯ, ಮೂರನೆಯ ಹಂತ ಇಟ್ಟ ಕೂಡಲೇ ಇಡೀ ರಾಕೆಟ್ ಒಂದು ಕಡೆಗೆ ವಾಲುತ್ತದೆ. ಎತ್ತಿದರೆ ಹೊದಿಕೆಗಳು ಪಟಪಟ ಉದುರುತ್ತವೆ. ನೆಟ್ಟಗೆ ನಿಲ್ಲದ ರಾಕೆಟ್ಟನ್ನು ಈಗ ಗೋಡೆಗೆ ಒರಗಿಸಿದ್ದೇನೆ.

ಇಲ್ಲದೇ ಇರುವ ತುಂಡುಗಳ ಪಟ್ಟಿ ಜೊತೆಗಿದೆ. ಒಂದನ್ನು ಮಾತ್ರ ಇಲ್ಲಿ ಹೇಳುತ್ತೇನೆ. ಸೆಟ್‌ನಲ್ಲಿ ಮೂವರು ಪುಟಾಣಿ ಗಗನಯಾತ್ರಿಗಳಿರಬೇಕು. ಬಂದಿರುವವರು ಇಬ್ಬರು. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್ ಇಬ್ಬರೇ ಕೆಳಗಿಳಿದದ್ದು, ಕಾಲಿನ್ಸ್ ಮೇಲೆ ಸುತ್ತುತ್ತಾ ಉಳಿದದ್ದು ಅಂತ ನಿಮ್ಮ ಮಾರಾಟಗಾರರು ಇತಿಹಾಸ ಓದಿಯೇ ಕಳಿಸಿದ್ದರೆ ಮೆಚ್ಚಬೇಕಾದ್ದೇ. ಆದರೆ ನಾನು ಮೂವರಿಗೂ ದುಡ್ಡು ಕೊಟ್ಟಿದ್ದೇನೆ.

ಮಾರಾಟಗಾರರಿಗೆ ನಿಮ್ಮ ಆ್ಯಪ್ ಮೂಲಕವೇ ಬರೆದೆ. ‘1969 ಪೀಸ್‌ಗಳಲ್ಲಿ ನಾಲ್ಕಾರು ಕಮ್ಮಿ ಆದರೆ ಏನಾಗತ್ತೆ ಸಾರ್’ ಎಂದರು. ನಕಲಿ ತುಂಡುಗಳ ಫೋಟೊ ಕಳಿಸಿದ ಮೇಲೆ ಆ ಮಾತು ನಿಂತಿತು, ಹೊಸ ಸಲಹೆ ಬಂತು: ‘ಲೆಗೊ ಕಂಪನಿಗೆ ಬರೀರಿ, ಸೀಲ್ ಪೆಟ್ಟಿಗೆಯಲ್ಲೇ ಪೀಸ್ ಇರಲಿಲ್ಲ ಅನ್ನಿ, ಅವರು ಫ್ರೀ ಕಳಿಸ್ತಾರೆ.’ ಹೊಸ ಪೆಟ್ಟಿಗೆಯಲ್ಲಿ ತುಂಡು ಕಮ್ಮಿಯಾದರೆ ಆ ಕಂಪನಿ ಕಳಿಸಿಕೊಡುವುದು ನಿಜ. ಆದರೆ ಇಲ್ಲಿ ಅವರದೇನು ತಪ್ಪು? ಯಾರೋ ಕದ್ದಿದ್ದಕ್ಕೆ ನಾನು ಸುಳ್ಳು ಹೇಳಿ ಇನ್ನೊಬ್ಬರಿಂದ ತರಿಸಿಕೊಳ್ಳಬೇಕಂತೆ. ಈ ಸಂದೇಶ ನಿಮ್ಮ ಸರ್ವರ್‌ನಲ್ಲೇ ಇದೆ, ತೆಗೆದು ಓದಿ. ಇಂಥ ಸಲಹೆ ಕೊಟ್ಟವರ ಹೆಸರಿನ ಮುಂದೆ ಈಗಲೂ ಹಸಿರು ಗುರುತು ಹಾಗೇ ಇದೆ.

ನಿಮ್ಮ ಗ್ರಾಹಕ ಸೇವೆಯವರದು ಎರಡು ವಾದ. ಒಂದು, ಪೆಟ್ಟಿಗೆ ತೆರೆಯುವ ವಿಡಿಯೊ ಪೂರ್ತಿ ಇಲ್ಲ. ಎರಡು, ರಿಟರ್ನ್ ಅವಧಿ ಮುಗಿದಿದೆ.

ವಿಡಿಯೊದಲ್ಲಿ ನಾನು ಏನು ತೋರಿಸಬೇಕಿತ್ತು? 1969 ತುಂಡುಗಳನ್ನು ಒಂದೊಂದಾಗಿ ಕ್ಯಾಮೆರಾ ಮುಂದೆ ಹಿಡಿದು, ತಿರುಗಿಸಿ, ಉಬ್ಬಿನ ಮೇಲಿನ ಅಕ್ಷರ ಓದಬೇಕಿತ್ತೇ? ನಿಮ್ಮ ಕಚೇರಿಯಲ್ಲಿ ಯಾರಾದರೂ ಹಾಗೆ ಮಾಡಿ ತೋರಿಸಿದರೆ ನಾನೇ ಬಂದು ಕಾಫಿ ಕೊಡಿಸುತ್ತೇನೆ.

ಅವಧಿಯ ಮಾತು ಇನ್ನೂ ವಿಚಿತ್ರ. ಕುಕ್ಕರ್ ಕೊಂಡರೆ ಸೀಟಿ ಬರುತ್ತದೋ ಇಲ್ಲವೋ ಅಂತ ಅವತ್ತೇ ಗೊತ್ತಾಗುತ್ತದೆ. ಇದು ಹಾಗಲ್ಲ. ಪೊಟ್ಟಣಗಳನ್ನು ನಂಬರಿನ ಪ್ರಕಾರವೇ ಒಡೆಯಬೇಕು, ಒಂದು ಕಟ್ಟಿ ಮುಗಿಸಿ ಇನ್ನೊಂದು. ಎಲ್ಲ ಒಟ್ಟಿಗೆ ಸುರಿದರೆ ಬೇಕಾದ ತುಂಡು ಹುಡುಕುವುದರಲ್ಲೇ ರಾತ್ರಿ ಕಳೆಯುತ್ತದೆ. ಹಾಗಾಗಿ ಕೊನೆಯ ಪೊಟ್ಟಣದ ಕೊರತೆ ತಿಳಿಯುವುದು ಕೊನೆಯಲ್ಲೇ. ಕೆಲಸಕ್ಕೆ ಹೋಗುವ ಮನುಷ್ಯ ಇಷ್ಟು ದೊಡ್ಡ ಸೆಟ್ಟನ್ನು ನಿಮ್ಮ ರಿಟರ್ನ್ ಅವಧಿಯೊಳಗೆ ಮುಗಿಸಲು ಆಗುವುದಿಲ್ಲ. ಮುಗಿಸಿದರೂ ‘ಬಳಸಿದ ವಸ್ತು’ ಅಂತ ನೀವೇ ವಾಪಸ್ ತಗೊಳ್ಳುವುದಿಲ್ಲ. ಕಟ್ಟದಿದ್ದರೆ ದೋಷ ತಿಳಿಯದು, ಕಟ್ಟಿದರೆ ರಿಟರ್ನ್ ಇಲ್ಲ. ಬಟ್ಟೆ, ಚಪ್ಪಲಿಗೆ ಬರೆದ ನಿಯಮವನ್ನು ಕಣ್ಣು ಮುಚ್ಚಿ ಇದಕ್ಕೂ ಅಂಟಿಸಿದ್ದೀರಿ. ಪಿನ್ ಹೊಡೆದ ಪೊಟ್ಟಣದ ಫೋಟೊವನ್ನು ನಾನು ಮಾಲು ಬಂದ ದಿನವೇ ಕಳಿಸಿದ್ದೆ. ಆಗ ‘ಬಳಸಿ ನೋಡಿ’ ಅಂದವರು ನೀವು. ಬಳಸಿದ್ದೇ ಈಗ ಅಪರಾಧವಾಯಿತೇ?

ಕಾನೂನು ಏನು ಹೇಳುತ್ತದೆ ಅಂತಲೂ ಓದಿಕೊಂಡಿದ್ದೇನೆ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಮಾಲು ದೋಷದ್ದಾಗಿದ್ದರೆ, ನಕಲಿಯಾಗಿದ್ದರೆ ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ಅದನ್ನು ವಾಪಸ್ ಪಡೆಯಲು, ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. ದೂರು ಬಂದರೆ ನಿಮ್ಮ ದೂರು ಅಧಿಕಾರಿ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ‘ನಾವು ಬರೀ ವೇದಿಕೆ, ಮಾರಿದವರು ಬೇರೆ’ ಎಂಬ ಮಾತು ಈಗಾಗಲೇ ಚಾಟ್‌ನಲ್ಲಿ ಬಂದಿದೆ. ಅದನ್ನು ಮತ್ತೆ ಬರೆಯುವುದು ಬೇಡ. ದುಡ್ಡು ಹೋದದ್ದು ನಿಮ್ಮ ಖಾತೆಗೆ, ಬಿಲ್ ಬಂದದ್ದು ನಿಮ್ಮ ಆ್ಯಪ್‌ನಿಂದ, ‘ಒರಿಜಿನಲ್’ ಎಂಬ ಭರವಸೆಯ ಪಟ್ಟಿ ಇದ್ದದ್ದು ನಿಮ್ಮ ಪುಟದ ಮೇಲೆ.

ಹಾಗಾಗಿ ನಾನು ಕೇಳುವುದು ಇಷ್ಟು. ಕೊಟ್ಟ ಹಣ ಪೂರ್ತಿ, ಸಾಗಣೆ ಖರ್ಚೂ ಸೇರಿ, ನನ್ನ ಬ್ಯಾಂಕ್ ಖಾತೆಗೆ ಬರಬೇಕು. ನಿಮ್ಮ ಆ್ಯಪ್‌ನ ‘ಕಾಯಿನ್’, ಕೂಪನ್ ಯಾವುದೂ ಬೇಡ. ಬದಲಿ ಸೆಟ್ ಕೊಡುತ್ತೀರಾದರೆ ಅದನ್ನು ನಿಮ್ಮ ಮನುಷ್ಯ ನನ್ನ ಎದುರಿಗೇ ಒಡೆದು, ಪೊಟ್ಟಣಗಳ ಅಂಟು ಪರೀಕ್ಷಿಸಿ ಕೊಡಬೇಕು. ಅದೇ ಮಾರಾಟಗಾರರಿಂದ ಮಾತ್ರ ಬೇಡ. ಅವರು ಇದೇ ಸೆಟ್ಟನ್ನು ಇನ್ನೂ ಮಾರುತ್ತಿದ್ದಾರೆ, ಫೋಟೊವೂ ಅದೇ. ವಿಚಾರಣೆ ಮುಗಿಯುವ ತನಕ ಆ ಪುಟ ತೆಗೆದುಹಾಕಿ. ಅವರಿಂದ ಈಗಾಗಲೇ ಕೊಂಡವರಿಗೆ ಒಂದು ಮೆಸೇಜಾದರೂ ಕಳಿಸಿ. ಎಷ್ಟೋ ಜನ ಮಕ್ಕಳ ಹುಟ್ಟುಹಬ್ಬಕ್ಕೆ ಅಂತ ಕೊಂಡು ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟಿರುತ್ತಾರೆ. ಅವರು ತೆರೆಯುವ ಹೊತ್ತಿಗೆ ನಿಮ್ಮ ಅವಧಿ ಎಂದೋ ಮುಗಿದಿರುತ್ತದೆ. ಜೋಡಿಸುವ ಸೆಟ್ಟುಗಳಿಗೆ ಬೇರೆಯದೇ ರಿಟರ್ನ್ ನಿಯಮ ಮಾಡಿ.

ಮೇಲೆ ಹೇಳಿದ ಒಂದು ತಿಂಗಳಲ್ಲಿ ಇದು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲಿಂದ ಮುಂದೆ ಮೈಸೂರು ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಪ್ರಕಾರ ಗ್ರಾಹಕ ತಾನು ವಾಸಿಸುವ ಊರಿನಲ್ಲೇ ಕೇಸು ಹಾಕಬಹುದು. ಈ ಮೊತ್ತದ ದೂರಿಗೆ ಶುಲ್ಕವೂ ಇಲ್ಲ. ನಿಮ್ಮ ವಕೀಲರೇ ಮೈಸೂರಿಗೆ ಬರಬೇಕಾಗುತ್ತದೆ.

ಬಿಲ್, ಫೋಟೊಗಳು, ಚಾಟ್‌ನ ಪ್ರತಿ, ಇಲ್ಲದ ತುಂಡುಗಳ ಪಟ್ಟಿ ಜೊತೆಗಿಟ್ಟಿದ್ದೇನೆ. ರಾಕೆಟ್ಟನ್ನು ಬಿಚ್ಚಿಲ್ಲ, ಬಿಚ್ಚುವುದೂ ಇಲ್ಲ. ಅದೇ ನನ್ನ ಸಾಕ್ಷಿ. ಪರಿಶೀಲನೆಗೆ ಯಾರನ್ನಾದರೂ ಕಳಿಸುವುದಿದ್ದರೆ ಸಂಜೆ ಆರರ ಮೇಲೆ ಕಳಿಸಿ, ಮನೆಯಲ್ಲಿರುತ್ತೇವೆ. ಬರುವವರಿಗೆ ಮೊದಲೇ ಹೇಳಿಬಿಡಿ, ಎತ್ತುವಾಗ ಎರಡೂ ಕೈಯಲ್ಲಿ ಕೆಳಗಿನಿಂದ ಹಿಡಿಯಬೇಕು. ನಡುವೆ ಹಿಡಿದರೆ ಉದುರುತ್ತದೆ.

ಇಂತಿ,
ನಿಮ್ಮ ಗ್ರಾಹಕ
ಮೈಸೂರು